ಆ ಜೋಕು ಯಾರಿಗೆ ಹೇಳಿದ್ದು?

2010ರ ಜನವರಿ ಮೊದಲ ವಾರ. ಇಂಗ್ಲೆಂಡಿನ ಡಾಂಕಾಸ್ಟರ್‌ನ ರಾಬಿನ್ ಹುಡ್ ವಿಮಾನ ನಿಲ್ದಾಣ ಹಿಮ ಬಿದ್ದು ಮುಚ್ಚಿತ್ತು. ಕೆಲವೇ ದಿನಗಳಲ್ಲಿ ಅಲ್ಲಿಂದ ಬೆಲ್‌ಫಾಸ್ಟ್‌ಗೆ ಹಾರಿ ಗೆಳತಿಯನ್ನು ನೋಡಬೇಕೆಂದಿದ್ದ ಯುವಕನೊಬ್ಬ ತಲೆಕೆಟ್ಟು ಟ್ವಿಟರ್‌ನಲ್ಲಿ ಒಂದು ಸಾಲು ಗೀಚಿದ. ವಾರದೊಳಗೆ ಎಲ್ಲ ಸರಿಮಾಡಿಕೊಳ್ಳದಿದ್ದರೆ ಈ ನಿಲ್ದಾಣವನ್ನೇ ಉಡಾಯಿಸಿಬಿಡುತ್ತೇನೆ ಎಂಬರ್ಥದ ಸಾಲು. ಅವನ ಹಿಂಬಾಲಕರು ಕೆಲವು ನೂರು ಮಂದಿ. ನಕ್ಕವರು ನಕ್ಕರು, ಬಿಟ್ಟವರು ಬಿಟ್ಟರು, ಹೆದರಿದವರು ಯಾರೂ ಇಲ್ಲ. ನಾಲ್ಕೈದು ದಿನ ಕಳೆದ ಮೇಲೆ ನಿಲ್ದಾಣದ ಮ್ಯಾನೇಜರ್ ಒಬ್ಬರು ಮನೆಯಲ್ಲಿ ಕೂತು ತಮ್ಮ ನಿಲ್ದಾಣದ ಹೆಸರು ಹಾಕಿ ಹುಡುಕುವಾಗ ಅದು ಕಣ್ಣಿಗೆ ಬಿತ್ತು. ಭದ್ರತಾ ವಿಭಾಗದವರು ಕೂಡ ಇದು ನಂಬುವಂಥ ಬೆದರಿಕೆಯಲ್ಲ ಎಂದೇ ಬರೆದುಕೊಂಡರು. ಆದರೆ ನಿಯಮದ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕಿತ್ತು, ತಿಳಿಸಿದರು.

ಪೊಲೀಸರು ಅವನು ಕೆಲಸ ಮಾಡುವ ಕಡೆಗೇ ಬಂದು ಹಿಡಿದೊಯ್ದರು. ಮೇ ತಿಂಗಳಲ್ಲಿ ಶಿಕ್ಷೆಯಾಯಿತು. ದಂಡ, ಕೋರ್ಟಿನ ಖರ್ಚು ಎಲ್ಲ ಸೇರಿ 1,000 ಪೌಂಡ್. ಕೆಲಸವೂ ಹೋಯಿತು. ಮೇಲ್ಮನವಿಯಲ್ಲಿ ಅವನು ಸೋತಾಗ ಸಾವಿರಾರು ಜನ ಅದೇ ಸಾಲನ್ನು ತಮ್ಮ ತಮ್ಮ ಖಾತೆಯಲ್ಲಿ ಹಾಕಿ, ಬೇಕಾದರೆ ನಮ್ಮನ್ನೂ ಹಿಡಿಯಿರಿ ಎಂದರು. ಕೊನೆಗೆ 2012ರ ಜುಲೈಯಲ್ಲಿ ಲಂಡನ್ನಿನ ಹೈಕೋರ್ಟ್ ಶಿಕ್ಷೆಯನ್ನು ರದ್ದು ಮಾಡಿತು. ಓದಿದ ಯಾರನ್ನೂ ಹೆದರಿಸದ ಮಾತು ಬೆದರಿಕೆ ಹೇಗಾದೀತು ಎಂಬುದು ತೀರ್ಪಿನ ತಿರುಳು. ಅರಳಿಕಟ್ಟೆಯ ಮೇಲೆ ಕೂತವರು ಅರೆನಿಮಿಷದಲ್ಲಿ ಹೇಳಬಹುದಾಗಿದ್ದ ಈ ಮಾತನ್ನು ಹೇಳಲು ಮೂರು ನ್ಯಾಯಾಲಯ, ಎರಡೂವರೆ ವರ್ಷ ಬೇಕಾದವು.

ಅವನನ್ನು ಹಿಡಿದದ್ದು 2003ರ ಕಮ್ಯುನಿಕೇಷನ್ಸ್ ಕಾಯ್ದೆಯ 127ನೇ ಕಲಂ. ಅದರ ಬೇರು ಹುಡುಕಿಕೊಂಡು ಹೋದರೆ ಕಂಪ್ಯೂಟರ್ ಇನ್ನೂ ಹುಟ್ಟದ ಕಾಲಕ್ಕೆ ಹೋಗಿ ನಿಲ್ಲುತ್ತೇವೆ. 1935ರಲ್ಲಿ ಬ್ರಿಟನ್ ತನ್ನ ಅಂಚೆ ಕಾಯ್ದೆಗೆ ತಿದ್ದುಪಡಿ ತಂದು, ಟೆಲಿಫೋನಿನಲ್ಲಿ ತೀರಾ ಅವಹೇಳನಕರವಾದ, ಅಶ್ಲೀಲವಾದ, ಬೆದರಿಸುವಂಥ ಮಾತಾಡುವುದು ಅಪರಾಧ ಎಂದಿತು. ಎಕ್ಸ್‌ಚೇಂಜಿನಲ್ಲಿ ಕೂತು ಕರೆ ಜೋಡಿಸುತ್ತಿದ್ದ ಹೆಣ್ಣುಮಕ್ಕಳಿಗೆ ಹೊಲಸು ಬಾಯಿಯವರ ಕಾಟ ತಪ್ಪಿಸಬೇಕಿತ್ತು. ಒಳ್ಳೆಯ ಕಾನೂನೇ. ಫೋನಿನ ಈ ತುದಿಯಲ್ಲಿ ಒಬ್ಬ, ಆ ತುದಿಯಲ್ಲಿ ಒಬ್ಬಳು. ಮಾತು ಯಾರಿಗೆ ಹೇಳಿದ್ದು ಎಂಬ ಬಗ್ಗೆ ಸಂಶಯವಿಲ್ಲ, ಕಿವಿಗೆ ಬಿದ್ದದ್ದನ್ನು ತಪ್ಪಿಸಿಕೊಳ್ಳಲು ಆಕೆಗೆ ದಾರಿಯೂ ಇಲ್ಲ. ಅದೇ ಪದಗಳನ್ನು ಇಂಟರ್‌ನೆಟ್ಟಿಗೂ ಅನ್ವಯಿಸಿದ್ದು ಒಬ್ಬಳ ಅಳತೆಗೆ ಹೊಲಿದ ರವಿಕೆಯನ್ನು ಇಡೀ ಊರಿಗೆ ತೊಡಿಸಲು ಹೊರಟ ಹಾಗಾಯಿತು.

ಆ ರವಿಕೆ ನಮಗೂ ಬಂತು. 2008ರ ಡಿಸೆಂಬರಿನಲ್ಲಿ, ಮುಂಬೈ ದಾಳಿಯ ಬಿಸಿ ಆರುವ ಮೊದಲೇ, ಹೆಚ್ಚು ಚರ್ಚೆಯಿಲ್ಲದೆ ನಮ್ಮ ಸಂಸತ್ತು ಐಟಿ ಕಾಯ್ದೆಗೆ 66ಎ ಕಲಂ ಸೇರಿಸಿತು. ತೀರಾ ಅವಹೇಳನಕರವಾದದ್ದು, ಕಿರಿಕಿರಿ ಮಾಡುವಂಥದ್ದು, ಅನನುಕೂಲ ಉಂಟುಮಾಡುವಂಥದ್ದು, ಹೀಗೆ ಬ್ರಿಟಿಷ್ ಕಾಯ್ದೆಗಳ ಮಾತುಗಳೇ ಇಲ್ಲಿಗೆ ಇಳಿದವು. ಬ್ರಿಟನ್ನಿನಲ್ಲಿ ಹೆಚ್ಚೆಂದರೆ ಆರು ತಿಂಗಳಿದ್ದ ಶಿಕ್ಷೆ ನಮ್ಮಲ್ಲಿ ಮೂರು ವರ್ಷಕ್ಕೆ ಏರಿತು. ಕಿರಿಕಿರಿಗೆ ಮೂರು ವರ್ಷ! ಆ ಲೆಕ್ಕದಲ್ಲಿ ನಮ್ಮ ಅರ್ಧಕ್ಕರ್ಧ ನೆಂಟರು ಒಳಗಿರಬೇಕಿತ್ತು.

66ಎ ಏನು ಮಾಡೀತು ಎಂಬುದಕ್ಕೆ ಪಾಲ್ಘರ್‌ನ ಇಬ್ಬರು ಹುಡುಗಿಯರ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ. 2012ರ ನವೆಂಬರಿನಲ್ಲಿ ಬಾಳಾ ಠಾಕ್ರೆ ತೀರಿಕೊಂಡಾಗ, ಬಂದ್ ಯಾಕೆ ಎಂದು ಫೇಸ್‌ಬುಕ್ಕಿನಲ್ಲಿ ಕೇಳಿದವಳು ಒಬ್ಬಳು, ಅದಕ್ಕೆ ಲೈಕ್ ಒತ್ತಿದವಳು ಇನ್ನೊಬ್ಬಳು. ಇಬ್ಬರನ್ನೂ ಹಿಡಿದರು. ಆದರೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು ಅದೇ ವರ್ಷ ಏಪ್ರಿಲ್‌ನಲ್ಲಿ ಕೋಲ್ಕತ್ತದಲ್ಲಿ ನಡೆದ ಘಟನೆ. ಜಾದವಪುರ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪ್ರಾಧ್ಯಾಪಕ ಅಂಬಿಕೇಶ್ ಮಹಾಪಾತ್ರ ತಮ್ಮ ಗೃಹನಿರ್ಮಾಣ ಸೊಸೈಟಿಯ ಸದಸ್ಯರಿಗೆ ಇಮೇಲಿನಲ್ಲಿ ಒಂದು ವ್ಯಂಗ್ಯಚಿತ್ರ ಕಳಿಸಿದರು. ಅದೇ ಆಗ ರೈಲ್ವೆ ಮಂತ್ರಿಯನ್ನು ಬದಲಿಸಿದ್ದ ಮಮತಾ ಬ್ಯಾನರ್ಜಿಯವರ ಮೇಲಿನ ಕುಚೋದ್ಯ ಅದು. ಸತ್ಯಜಿತ್ ರಾಯ್ ಮಕ್ಕಳಿಗಾಗಿ ತೆಗೆದ ‘ಸೋನಾರ್ ಕೆಲ್ಲಾ’ ಚಿತ್ರದ ಸಂಭಾಷಣೆಯನ್ನು ಕದ್ದು ಹೊಂದಿಸಿದ್ದರು. ಆ ಚಿತ್ರ ನೋಡದೆ ಬೆಳೆದ ಬಂಗಾಳಿ ಮಗು ಇಲ್ಲ. ಕೆಟ್ಟವನು ಮಾಯವಾದ ಎಂಬರ್ಥದ ಮಾತು ಬಂದರೆ ಅಲ್ಲಿನವರ ಮುಖದಲ್ಲಿ ತಾನಾಗಿ ನಗು ಬರುತ್ತದೆ. ಆ ಮಾಯವಾಗುವುದರಲ್ಲಿ ಕೊಲೆಯ ಸಂಚು ಕಂಡವರೂ ಇದ್ದರು ಅನ್ನುವುದು ಈ ಕಥೆಯ ಅತಿ ದೊಡ್ಡ ಜೋಕು.

ಪ್ರಾಧ್ಯಾಪಕರ ಜೊತೆಗೆ ಇಳಿವಯಸ್ಸಿನಲ್ಲಿದ್ದ ಸೊಸೈಟಿ ಕಾರ್ಯದರ್ಶಿಯನ್ನೂ ಬಂಧಿಸಿದರು. 2015ರಲ್ಲಿ ಸುಪ್ರೀಂ ಕೋರ್ಟ್ 66ಎಯನ್ನೇ ಕಿತ್ತುಹಾಕಿದರೂ ಮಹಾಪಾತ್ರರ ಮೇಲಿನ ಪ್ರಕರಣ ಉಳಿದುಕೊಂಡಿತ್ತು. ಅವರು ಪೂರ್ತಿ ಬಿಡುಗಡೆಯಾದದ್ದು 2023ರ ಜನವರಿಯಲ್ಲಿ. ಒಂದು ಕಾರ್ಟೂನಿಗೆ ಹತ್ತು ವರ್ಷದ ಮೇಲೆ ಕೋರ್ಟಿಗೆ ಅಲೆದಾಟ. ಶಿಕ್ಷೆ ಆಗಬೇಕೆಂದೇನೂ ಇಲ್ಲ. ತಾರೀಖಿನಿಂದ ತಾರೀಖಿಗೆ ನಡೆಸಿದರೆ ಸಾಕು, ಪಕ್ಕದ ಮನೆಯವರು ಮುಂದಿನ ಸಲ ಕಾರ್ಟೂನು ಕಳಿಸುವ ಮೊದಲು ಹತ್ತು ಸಲ ಯೋಚಿಸುತ್ತಾರೆ.

2015ರ ಮಾರ್ಚ್ 24ರ ಶ್ರೇಯಾ ಸಿಂಘಾಲ್ ತೀರ್ಪನ್ನು ಬರೆದವರು ನ್ಯಾಯಮೂರ್ತಿ ರೋಹಿಂಟನ್ ನಾರಿಮನ್. 1935ರ ಆ ಟೆಲಿಫೋನ್ ಕಾನೂನಿನಿಂದ 66ಎವರೆಗಿನ ವಂಶಾವಳಿಯನ್ನು ಅದರಲ್ಲಿ ಬಿಡಿಸಿ ಹೇಳಿದ್ದಾರೆ. ಚರ್ಚೆ ಮಾಡುವುದು, ಒಂದು ನಿಲುವಿನ ಪರ ವಾದಿಸುವುದು, ಜನರನ್ನು ಕೃತ್ಯಕ್ಕೆ ಎತ್ತಿಕಟ್ಟುವುದು ಈ ಮೂರೂ ಬೇರೆ ಬೇರೆ, ಕಾನೂನು ಮಧ್ಯೆ ಬರಬೇಕಾದದ್ದು ಮೂರನೆಯದರಲ್ಲಿ ಮಾತ್ರ ಎಂಬ ವಿಂಗಡಣೆಯನ್ನೇ ಇವತ್ತಿಗೂ ಎಲ್ಲರೂ ಹಿಡಿದುಕೊಳ್ಳುವುದು. ನನಗೆ ಅದಕ್ಕಿಂತ ರುಚಿಸಿದ್ದು ಅವರು ಎತ್ತಿದ ಒಂದು ಇಂಗ್ಲಿಷ್ ಪ್ರಕರಣ. ಒಬ್ಬ ತನ್ನ ಕ್ಷೇತ್ರದ ಸಂಸದರ ಕಚೇರಿಗೆ ಎರಡು ವರ್ಷ ಮೇಲಿಂದ ಮೇಲೆ ಫೋನ್ ಮಾಡಿ ವಲಸೆ ಬಂದವರ ಬಗ್ಗೆ ಜನಾಂಗ ಹಿಡಿದು ಬೈಯುತ್ತಿದ್ದ. ಕೆಳಗಿನ ಕೋರ್ಟು, ಅವಹೇಳನಕರ ಹೌದು, ‘ತೀರಾ’ ಅವಹೇಳನಕರ ಅಲ್ಲ ಎಂದಿತು. ಮೇಲಿನ ಕೋರ್ಟು ಅದನ್ನೇ ಒಪ್ಪಿತು. 2006ರಲ್ಲಿ ಹೌಸ್ ಆಫ್ ಲಾರ್ಡ್ಸ್, ಅಲ್ಲ, ತೀರಾ ಅವಹೇಳನಕರವೇ ಎಂದಿತು. ಮಾತೂ ಅದೇ, ಅಳತೆಗೋಲೂ ಅದೇ, ಕಾನೂನು ಅರೆದು ಕುಡಿದವರ ಉತ್ತರ ಮಾತ್ರ ಎರಡು. ಅಂದಮೇಲೆ ಹೋಬಳಿ ಠಾಣೆಯ ಸಬ್‌ಇನ್‌ಸ್ಪೆಕ್ಟರು, ಎದುರಿಗೆ ನಲವತ್ತು ಜನ ಘೋಷಣೆ ಕೂಗುತ್ತಿರುವಾಗ, ಒಂದು ಮೀಮ್ ನೋಡಿ ‘ತೀರಾ’ ಎಲ್ಲಿ ಶುರುವಾಗುತ್ತದೆ ಎಂದು ತೀರ್ಮಾನಿಸಬೇಕು!

ಕಲಂ ಸತ್ತರೂ ಅದರ ಹೆಸರಲ್ಲಿ ಎಫ್‌ಐಆರ್‌ಗಳು ಹುಟ್ಟುತ್ತಲೇ ಇದ್ದವು. 2021ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕೇಳಿ ದಂಗಾಯಿತು, 2022ರ ಅಕ್ಟೋಬರಿನಲ್ಲಿ ಇನ್ನು ಯಾರ ಮೇಲೂ 66ಎ ಹಾಕಬಾರದೆಂದು ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. ಹೇಗೂ ಬೇರೆ ಕಲಂಗಳಿಗೆ ಬರವಿರಲಿಲ್ಲ. 2021ರ ಹೊಸವರ್ಷದ ದಿನ ಇಂದೋರಿನಲ್ಲಿ ಕಾಮಿಡಿಯನ್ ಮುನಾವರ್ ಫಾರೂಕಿಯನ್ನು ಹಿಡಿದರು. ಆ ಸಂಜೆ ಹೇಳದೇ ಇದ್ದ ಜೋಕುಗಳಿಗಾಗಿ ಆತ ಒಂದು ತಿಂಗಳಿಗೂ ಹೆಚ್ಚು ಜೈಲಿನಲ್ಲಿದ್ದ. ಅದೇ ವರ್ಷ ನವೆಂಬರಿನಲ್ಲಿ ಬೆಂಗಳೂರಿನ ಗುಡ್ ಶೆಫರ್ಡ್ ಸಭಾಂಗಣದ ಅವನ ಕಾರ್ಯಕ್ರಮವನ್ನು ಪೊಲೀಸರೇ ಸಂಘಟಕರಿಗೆ ಪತ್ರ ಬರೆದು ನಿಲ್ಲಿಸಿದರು.

ಇಷ್ಟಕ್ಕೆ ನಿಲ್ಲಿಸಿದರೆ ಲೇಖನ ಸಲೀಸಾಗಿ ಮುಗಿಯುತ್ತದೆ. ಸರ್ಕಾರ ಕೆಟ್ಟದ್ದು, ಪೊಲೀಸರು ದಡ್ಡರು, ನಗುವವರು ಧೀರರು. ಹಾಗೆ ಬರೆಯುವವರ ಜೊತೆ ನಾನು ಅರ್ಧ ದಾರಿವರೆಗೆ ಮಾತ್ರ ಹೋಗಬಲ್ಲೆ. ಮಮತಾ ಬ್ಯಾನರ್ಜಿಯನ್ನು ಗೇಲಿ ಮಾಡಿದ ಕಾರ್ಟೂನು ಕೆಳಗಿನಿಂದ ಮೇಲಕ್ಕೆ ಹೋದದ್ದು. ನಮ್ಮ ಫೋನಿಗೆ ದಿನಾ ಬಂದು ಬೀಳುವ ಜೋಕುಗಳಲ್ಲಿ ಬಹುಪಾಲು ಮೇಲಿನಿಂದ ಕೆಳಕ್ಕೆ ಬರುವಂಥವು.

2023ರ ಆಗಸ್ಟ್‌ನಲ್ಲಿ ನಟ ಉಪೇಂದ್ರ ತಮ್ಮ ಪಕ್ಷದ ವಾರ್ಷಿಕೋತ್ಸವಕ್ಕೆ ಫೇಸ್‌ಬುಕ್‌ನಲ್ಲಿ ಲೈವ್ ಬಂದರು. ಟೀಕಿಸುವವರು ಎಲ್ಲ ಕಡೆ ಇದ್ದೇ ಇರುತ್ತಾರೆ ಎನ್ನಲು ಒಂದು ಗಾದೆ ಬಳಸಿದರು. ದಲಿತರ ಕೇರಿಯ ಹೆಸರೆತ್ತಿ, ಊರು ಅಂದಮೇಲೆ ಅದೂ ಇರುತ್ತದೆ ಎನ್ನುವ ಗಾದೆ. ಹಿರಿಯರ ಬಾಯಲ್ಲಿ ನಾವೆಲ್ಲ ಕೇಳಿದ್ದೇವೆ, ಅನೇಕರು ಆಡಿಯೂ ಇದ್ದೇವೆ. ಜಗುಲಿಯ ಮೇಲೆ ಅದನ್ನು ಆಡಿದಾಗ ಆ ಕೇರಿಯವರು ಜಗುಲಿಯ ಮೇಲೆ ಇರುತ್ತಿರಲಿಲ್ಲ, ಇರಲು ಬಿಡುತ್ತಿರಲಿಲ್ಲ. ಫೇಸ್‌ಬುಕ್ ಲೈವ್‌ನಲ್ಲಿ ಅವರೂ ಕೂತಿದ್ದರು. ಗಾದೆ ಒಂದಕ್ಷರವೂ ಬದಲಾಗಿರಲಿಲ್ಲ, ಕೇಳುವವರು ಬದಲಾಗಿದ್ದರು. ದೂರು, ಎಫ್‌ಐಆರ್, ವಿಡಿಯೊ ಅಳಿಸಿದ್ದು, ಕ್ಷಮೆ, ಹೈಕೋರ್ಟಿನ ತಡೆಯಾಜ್ಞೆ ಎಲ್ಲ ಕೆಲವೇ ದಿನಗಳಲ್ಲಿ ನಡೆದುಹೋಯಿತು. ‘ಈಗಿನ ಕಾಲದಲ್ಲಿ ಏನೂ ಮಾತಾಡೋ ಹಾಗಿಲ್ಲ ಮಾರಾಯ್ರೇ’ ಎಂದು ಆಗ ಗೊಣಗಿದವರು ಬಹಳ. ಆದರೆ ಮಾತು ಹಿಂದೆಯೂ ಚುಚ್ಚುತ್ತಿತ್ತು. ಈಗ ಚುಚ್ಚಿಸಿಕೊಂಡವರ ಕೈಯಲ್ಲೂ ಫೋನಿದೆ, ಅಷ್ಟೇ.

ಅದೇ ವರ್ಷ ಫೆಬ್ರುವರಿಯಲ್ಲಿ ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿಗಳು ಯುವಜನೋತ್ಸವದಲ್ಲಿ ಒಂದು ಪ್ರಹಸನ ಆಡಿದ್ದರು. ಮೀಸಲಾತಿಯನ್ನೂ ಅಂಬೇಡ್ಕರ್ ಹೆಸರನ್ನೂ ಹಿಡಿದು ಎಳೆದಾಡಿದ ಜೋಕುಗಳು. ಸಭಾಂಗಣದಲ್ಲಿ ನಗು ಎದ್ದಿತ್ತು. ವಿಡಿಯೊ ಹೊರಗೆ ಬಂದ ಮೇಲೆ ಬಂಧನಗಳಾದವು. ಮುಂದೆ ಹೈಕೋರ್ಟ್ ಅದನ್ನು ವಿಡಂಬನೆಯೆಂದು ಕಂಡು ಪ್ರಕರಣವನ್ನು ರದ್ದುಪಡಿಸಿತು. ಕಾನೂನಿನ ಕಣ್ಣಲ್ಲಿ ಅದು ಸರಿಯೆಂದೇ ನನ್ನ ಅನಿಸಿಕೆ. ಇಪ್ಪತ್ತರ ಹರೆಯದವರನ್ನು ಕೆಟ್ಟ ಜೋಕಿಗಾಗಿ ಜೈಲಿಗೆ ಹಾಕಿದರೆ ಅವರು ಕಲಿಯುವುದು ಜಾತಿಯ ಬಗ್ಗೆ ಅಲ್ಲ, ಕ್ಯಾಮೆರಾ ಬಗ್ಗೆ. ಹಾಗಂತ ಪ್ರಕರಣ ರದ್ದಾಯಿತು ಅಂದರೆ ಜೋಕು ಚೆನ್ನಾಗಿತ್ತು ಎಂದರ್ಥವಲ್ಲ. ನ್ಯಾಯಾಲಯ ಹೇಳುವುದು ಇದು ಜೈಲಿನ ವಿಷಯವಲ್ಲ ಎಂದು ಮಾತ್ರ. ನಾವು ಅದನ್ನು ಪ್ರಶಸ್ತಿಪತ್ರದ ಹಾಗೆ ಓದಿಕೊಳ್ಳುತ್ತೇವೆ.

ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಈ ವಿಚಾರದಲ್ಲಿ 66ಎಗಿಂತ ಎಷ್ಟೋ ಎಚ್ಚರದಿಂದ ಬರೆದದ್ದು. ಅದು ನೋವು ಎಷ್ಟಾಯಿತು ಎಂದು ಕೇಳುವುದಿಲ್ಲ. ಯಾರು, ಯಾರನ್ನು, ಬೇಕೆಂದೇ, ಸಾರ್ವಜನಿಕರ ಕಣ್ಣೆದುರು ಅವಮಾನಿಸಿದರೇ ಎಂದು ಕೇಳುತ್ತದೆ. ಹಾಗಾದರೆ ಯೂಟ್ಯೂಬ್ ಸಾರ್ವಜನಿಕರ ಕಣ್ಣೆದುರೇ? ಬೈಸಿಕೊಂಡವರು ಎದುರಿಗೆ ಇರಬೇಡವೇ? 2022ರಲ್ಲಿ ಕೇರಳ ಹೈಕೋರ್ಟಿನ ಮುಂದೆ ಈ ಪ್ರಶ್ನೆ ಬಂದಾಗ, ಆ ವಿಡಿಯೊವನ್ನು ಅವಮಾನಿತ ವ್ಯಕ್ತಿ ತೆರೆದು ನೋಡಿದಾಗಲೆಲ್ಲ ಆತ ಅಥವಾ ಆಕೆ ಅಲ್ಲಿ ಎದುರಿಗೆ ಇದ್ದ ಹಾಗೆಯೇ ಎಂದಿತು. ಯಾರ ಮುಂದೆ ಆಡಿದ ಮಾತು ಎಂಬ ಪ್ರಶ್ನೆಯನ್ನು ಇಂಟರ್‌ನೆಟ್ಟಿನ ಕಾಲಕ್ಕೆ ಸರಿಯಾಗಿ ಕೇಳಿಕೊಂಡ ಕೆಲವೇ ತೀರ್ಪುಗಳಲ್ಲಿ ಇದೂ ಒಂದು.

ಹೊಲಸು ಮಾತಿಗೆ ನಮ್ಮ ಸಮಾಜದಲ್ಲಿ ಜಾಗವೇ ಇರಲಿಲ್ಲ ಎಂಬುದು ಸುಳ್ಳು. ಉತ್ತರ ಕರ್ನಾಟಕದ ಹೋಳಿಯಲ್ಲಿ ಹಲಗಿ ಬಾರಿಸುತ್ತಾ ಬಾಯಿ ಬಾಯಿ ಬಡಿದುಕೊಳ್ಳುವ ಹುಡುಗರು ಆಡುವ ಮಾತನ್ನು ಇಲ್ಲಿ ಅಚ್ಚು ಹಾಕಲು ಸಂಪಾದಕರು ಬಿಡಲಾರರು. ಅದಕ್ಕೂ ದೊಡ್ಡದು ಕೊಡಗಿನ ಕುಂಡೆ ಹಬ್ಬ. ಮೇ ತಿಂಗಳ ಕೊನೆಗೆ ಗೋಣಿಕೊಪ್ಪದ ಸುತ್ತ ಯಾವ ರಸ್ತೆಯಲ್ಲಿ ಹೋದರೂ ಎದುರಾಗುತ್ತಾರೆ. ಜೇನುಕುರುಬರು, ಯರವರು, ವರ್ಷವಿಡೀ ಕಾಫಿ ತೋಟಗಳಲ್ಲಿ ಕೂಲಿ ಮಾಡುವ ಜನ. ಗಂಡಸರು ಸೀರೆ, ಲಂಗ, ನೈಟಿ ತೊಟ್ಟು, ಮುಖಕ್ಕೆ ಬಣ್ಣ ಬಳಿದುಕೊಂಡು, ಒಡೆದ ಪ್ಲಾಸ್ಟಿಕ್ ಡ್ರಮ್ಮು, ಖಾಲಿ ಡಬ್ಬ, ಬಾಟಲಿ ಬಡಿಯುತ್ತಾ ಬರುತ್ತಾರೆ. ಬಸ್ಸು, ಜೀಪು, ಕಾರು ಯಾವುದೂ ಬಿಡುವುದಿಲ್ಲ. ಅಡ್ಡಗಟ್ಟಿ, ಕಿಟಕಿಯೊಳಗೆ ತಲೆ ತೂರಿಸಿ, ಅಪ್ಪ ಅಮ್ಮ ಎನ್ನದೆ ಬೈದು ಕಾಸು ಕೇಳುತ್ತಾರೆ. ತೋಟದ ಸಾಹುಕಾರರಿಗೂ ಬೈಗುಳ, ಪೊಲೀಸರಿಗೂ ಬೈಗುಳ. ದೇವರಿಗೂ ಬಿಡುಗಡೆಯಿಲ್ಲ. ಬೇಟೆಗೆಂದು ಕಾಡಿಗೆ ಕರೆದುಕೊಂಡು ಹೋದ ಅಯ್ಯಪ್ಪ ಭದ್ರಕಾಳಿಯ ಹಿಂದೆ ಹೋಗಿ ತಮ್ಮನ್ನು ನಡುಕಾಡಿನಲ್ಲೇ ಬಿಟ್ಟನೆಂಬ ಸಿಟ್ಟು ಅವರದು. ಸಂಜೆ ದೇವರಪುರದ ಗುಡಿ ಮುಟ್ಟಿ, ಕಾಣಿಕೆ ಹಾಕಿ, ಅಂದದ್ದಕ್ಕೆಲ್ಲ ತಪ್ಪೊಪ್ಪಿಕೊಂಡರೆ ಮುಗಿಯಿತು. ಮರುದಿನ ಅದೇ ಬೈಗುಳ ಸಾಹುಕಾರನಿಗೆ ಹೇಳಿದರೆ ಕತೆ ಬೇರೆ.

ಅಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತು. ಯಾವ ದಿನ, ಯಾವ ರಸ್ತೆ, ಬೈಯುವವರು ಯಾರು, ಬೈಸಿಕೊಳ್ಳುವವರು ಯಾರು, ಎಲ್ಲಿಗೆ ಮುಗಿಯುತ್ತದೆ ಎನ್ನುವುದು. ವರ್ಷವಿಡೀ ಬಾಯಿ ಬಿಡಲಾಗದವರಿಗೆ ಒಂದು ದಿನ ಬಾಯಿ ಸಿಗುತ್ತದೆ. ಆ ಬೈಗುಳದ ಮೂವತ್ತು ಸೆಕೆಂಡನ್ನು ಕತ್ತರಿಸಿ ರೀಲ್ಸ್ ಮಾಡಿ ಹಾಕಿ ನೋಡಿ, ದಿಲ್ಲಿಯಲ್ಲೋ ಇಂದೋರಿನಲ್ಲೋ ಕೂತವನಿಗೆ ಅದು ಧರ್ಮನಿಂದೆಯಂತೆ ಕಾಣುತ್ತದೆ. ಹಬ್ಬದ ರಸ್ತೆಗೆ ಎರಡು ತುದಿಗಳಿದ್ದವು, ಫೋನಿನೊಳಗಿನ ರಸ್ತೆಗೆ ತುದಿಯೇ ಇಲ್ಲ. ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ದಲ್ಲಿ ಮುಂದಿನ ಸಾಲಿನಲ್ಲಿ ಕೂತ ಮಂತ್ರಿಯನ್ನೇ ಝಾಡಿಸುತ್ತಿದ್ದಾಗ, ಟಿಕೆಟ್ ಕೊಂಡು ಒಳಗೆ ಬಂದವರಿಗೆ ತಾವು ಯಾಕೆ ಬಂದಿದ್ದೇವೆ ಎಂಬುದಾದರೂ ಗೊತ್ತಿತ್ತು.

ಇನ್ನು ನಮ್ಮ ನಿತ್ಯದ ಊರು, ಅಂದರೆ ವಾಟ್ಸ್‌ಆ್ಯಪ್ ಗ್ರ‌ೂಪು. ಎಸ್‌ಎಸ್‌ಎಲ್‌ಸಿಯಲ್ಲಿ ಒಟ್ಟಿಗೆ ಓದಿದವರದ್ದು ಅಂತಿಟ್ಟುಕೊಳ್ಳಿ. ರಾತ್ರಿ ಊಟ ಮುಗಿಸಿದ ಒಬ್ಬ, ಹೆಂಡತಿಗೆ ಹೊಡೆಯುವುದರ ಮೇಲೆ ಒಂದು ಜೋಕು ಹಾಕುತ್ತಾನೆ. ಕಣ್ಣೀರು ಬರುವಂತೆ ನಗುವ ಮುಖಗಳು ನಾಲ್ಕೈದು ಬೀಳುತ್ತವೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಸಹಪಾಠಿ ‘ಇದು ನಗೋ ವಿಷ್ಯಾನಾ?’ ಎಂದು ಬರೆಯುತ್ತಾಳೆ. ‘ಅಯ್ಯೋ ಸುಮ್ನೆ ತಮಾಷೆಗೆ ಕಣಮ್ಮ, ಅಷ್ಟೊಂದು ಸೀರಿಯಸ್ ಆಗ್ಬೇಡ.’ ‘ನಾನೇನು ಬರ್ದಿದ್ದಲ್ಲ, ಬಂದಿದ್ದನ್ನ ಹಾಕಿದೀನಿ.’ ‘ಮೊದ್ಲೆಲ್ಲ ನೀನು ಹೀಗಿರ್ಲಿಲ್ಲ ಬಿಡು.’ ಅಡ್ಮಿನ್ ಎಚ್ಚೆತ್ತು, ಕೈ ಮುಗಿದ ಇಮೋಜಿ ಎರಡು ಹಾಕಿ, ‘ದಯವಿಟ್ಟು ಗ್ರೂಪಲ್ಲಿ ರಾಜಕೀಯ ಬೇಡ’ ಎನ್ನುತ್ತಾನೆ. ಜೋಕಿನಲ್ಲಿ ರಾಜಕೀಯ ಎಲ್ಲಿತ್ತು ಎಂದು ಯಾರೂ ಕೇಳುವುದಿಲ್ಲ. ಬೆಳಗ್ಗೆ ನೋಡಿದರೆ ಆಕೆ ಗ್ರೂಪ್ ಬಿಟ್ಟಿದ್ದಾಳೆ. ಅದರ ಮೇಲೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್‌ಗಳು ಬಂದು ಕೂರುತ್ತವೆ.

ಇಲ್ಲಿ ವಾಕ್ ಸ್ವಾತಂತ್ರ್ಯ ಕಳೆದುಕೊಂಡವರು ಯಾರು? ಜೋಕು ಹಾಕಿದವನ ಮಾತು ಇನ್ನೂ ಅಲ್ಲೇ ಇದೆ, ಮೇಲಕ್ಕೆ ಸರಿಸಿದರೆ ಸಿಗುತ್ತದೆ. ಹೋದದ್ದು ಅವಳ ಮಾತು. ಜೋಕನ್ನು ಆಕ್ಷೇಪಿಸುವುದೂ ಮಾತಾಡುವ ಹಕ್ಕೇ ಎಂಬುದನ್ನು ನಗೆಯ ಪರ ನಿಂತವರು ಬೇಗ ಮರೆಯುತ್ತಾರೆ. ‘ಇಷ್ಟ ಇಲ್ಲದಿದ್ದರೆ ನೋಡಬೇಡ’ ಎನ್ನುವುದು ಯೂಟ್ಯೂಬಿನ ಕಾಮಿಡಿಯನ್‌ಗೆ ಒಪ್ಪುತ್ತದೆ, ಏಕೆಂದರೆ ಅವನ ಚಾನೆಲ್ಲಿಗೆ ಹೋದವರು ನಾವು. ಮೂವತ್ತು ವರ್ಷದ ಸ್ನೇಹದ ಗ್ರೂಪಿಗೆ ಅದೇ ಮಾತು ಹೇಳಿದರೆ, ಸ್ನೇಹ ಬಿಡು ಎಂದ ಹಾಗೆ.

ಅಡ್ಮಿನ್ನುಗಳ ಪಾಡೂ ಸುಖದ್ದಲ್ಲ. 2017ರಲ್ಲಿ ಉತ್ತರ ಕನ್ನಡದಲ್ಲಿ ಪ್ರಧಾನಿಯ ತಿರುಚಿದ ಅಶ್ಲೀಲ ಚಿತ್ರ ಗ್ರೂಪಿನಲ್ಲಿ ಬಂದದ್ದಕ್ಕೆ ಅಡ್ಮಿನ್ ಆಗಿದ್ದ ಯುವಕನನ್ನು ಪೊಲೀಸರು ಬಂಧಿಸಿದ್ದರು. ಆ ಸುದ್ದಿ ಬಂದ ದಿನಗಳಲ್ಲಿ ಊರೂರ ಗ್ರೂಪುಗಳಲ್ಲಿ ‘ನನ್ನನ್ನ ಅಡ್ಮಿನ್‌ನಿಂದ ತೆಗೀರಪ್ಪ’ ಎಂಬ ಮೊರೆ ಎದ್ದಿತ್ತು. ಮುಂದೆ 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022ರಲ್ಲಿ ಕೇರಳ ಹೈಕೋರ್ಟ್, ಸದಸ್ಯ ಹಾಕಿದ್ದಕ್ಕೆ ಅಡ್ಮಿನ್ ಹೊಣೆಯಲ್ಲ ಎಂದವು. ಸೇರಿಸುವುದು, ತೆಗೆಯುವುದು ಬಿಟ್ಟರೆ ಅವನ ಕೈಯಲ್ಲಿ ಏನೂ ಇಲ್ಲ ಎಂಬುದು ಅವುಗಳ ತರ್ಕ. ಅದಾದ ಮೇಲೆ ವಾಟ್ಸ್‌ಆ್ಯಪ್ ಇತರರ ಸಂದೇಶ ಅಳಿಸುವ ಗುಂಡಿಯನ್ನೂ ಅಡ್ಮಿನ್ ಕೈಗೆ ಕೊಟ್ಟಿದೆ. ಕಾನೂನಿನ ಹೆದರಿಕೆ ಹೋಯಿತು, ಹೊಣೆ ಬಂತು. ಗ್ರೂಪಿನ ಕೆಟ್ಟ ಜೋಕಿಗೆ ಸರಿಯಾದ ಔಷಧ ಇರುವುದು ಠಾಣೆಯಲ್ಲಲ್ಲ, ಆ ಗುಂಡಿಯಲ್ಲಿ ಎಂದು ನನಗನಿಸುತ್ತದೆ. ಅಳಿಸಿದವನು ಜೋಕು ಹಾಕಿದವನಿಗೆ ಖಾಸಗಿಯಾಗಿ ‘ಲೋ, ಅವಳ ಅಕ್ಕನ ಮನೇಲಿ ಏನ್ ನಡೀತಿದೆ ಅಂತ ಗೊತ್ತಾ ನಿಂಗೆ?’ ಎಂದು ಒಂದು ಸಾಲು ಬರೆದರೆ, ಯಾವ ಎಫ್‌ಐಆರ್‌ನಿಂದಲೂ ಆಗದ ಕೆಲಸ ಆಗುತ್ತದೆ.

ಠಾಣೆಗೆ ಬೇರೆ ಕೆಲಸವಿದೆ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ಸಂದೇಶ ನಂಬಿದ ಗುಂಪು ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬನನ್ನು ಹೊಡೆದು ಕೊಂದಿತು. ಆ ಸಂದೇಶ ಯಾರ ಭಾವನೆಗೂ ಧಕ್ಕೆ ತರುವಂಥದ್ದಾಗಿರಲಿಲ್ಲ. ಮಕ್ಕಳ ಬಗ್ಗೆ ಕಾಳಜಿ ತುಂಬಿದ, ಸಭ್ಯವಾದ ಸಂದೇಶವೇ ಅದು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳಿಸದಂತೆ ಮಿತಿ ಹಾಕುವುದಾಗಿ ಹೇಳಿತು. ನೋವನ್ನೇ ಅಳೆಯುತ್ತಾ ಕೂತರೆ ಇಂಥದ್ದು ಅಳತೆಗೋಲಿಗೇ ಸಿಗುವುದಿಲ್ಲ.

ಆದರೆ ನೋವೇ ಬೆಂಕಿಯಾದರೆ? 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ ಉರಿದವು. ಶಾಸಕರ ಸಂಬಂಧಿಯೊಬ್ಬರು ಹಾಕಿದ್ದ, ಪ್ರವಾದಿಯನ್ನು ಹೀನಾಯಿಸಿದ ಫೇಸ್‌ಬುಕ್ ಪೋಸ್ಟ್ ಅದಕ್ಕೆ ಕಿಡಿ. ಶಾಸಕರ ಮನೆ, ಠಾಣೆ, ವಾಹನಗಳು ಸುಟ್ಟವು, ಪೊಲೀಸರ ಗುಂಡಿಗೆ ಮೂವರು ಬಲಿಯಾದರು. ಪೋಸ್ಟ್ ಹಾಕಿದ್ದು ತಪ್ಪೇ. ಆದರೂ ಬೆಂಕಿ ಹಚ್ಚಿದವರ ಕೈ ಅವರದೇ. ಗುಂಪು ಸಿಟ್ಟಿಗೇಳುತ್ತದೆಂದು ಮಾತನ್ನೇ ತಡೆಯುವುದು ಬೆದರಿಕೆಗೆ ಮಣಿದಂತೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಒಂದು ತಮಿಳು ಸಿನಿಮಾದ ಪ್ರಕರಣದಲ್ಲಿ ಹೇಳಿತ್ತು. ಮಾತಿಗೂ ಹಾನಿಗೂ ಇರುವ ನಂಟು ಮದ್ದಿನ ಪೀಪಾಯಿಗೆ ಬಿದ್ದ ಕಿಡಿಯಷ್ಟು ನೇರವಾಗಿರಬೇಕು ಎಂಬುದು ಆ ತೀರ್ಪಿನ ಮಾತು. ಹೆಚ್ಚು ಜನ ಹೆಚ್ಚು ಗಟ್ಟಿಯಾಗಿ ನೊಂದುಕೊಂಡರೆ ಮಾತು ನಿಲ್ಲುತ್ತದೆ ಎಂದಾದರೆ, ಜನಬಲವಿದ್ದವರಿಗೆ ಮಾತ್ರ ನೋಯುವ ಹಕ್ಕಿದೆ ಎಂದಾಯಿತು. ಮುರ್ಕಿಯ ಸತ್ತವನ ಮನೆಯವರು, ಗ್ರೂಪ್ ಬಿಟ್ಟ ಸಹಪಾಠಿ, ಇವರೆಲ್ಲ ಯಾವ ಠಾಣೆಯ ಮುಂದೆ ಗುಂಪು ಸೇರಿಸಬೇಕು?

ಸುಪ್ರೀಂ ಕೋರ್ಟ್ ಕೂಡ ಒಂದೇ ಕಡೆ ನಿಂತಿಲ್ಲ. 2025ರ ಮಾರ್ಚ್‌ನಲ್ಲಿ, ಜಾಲತಾಣದಲ್ಲಿ ಹಾಕಿದ ವಿಡಿಯೊದ ಹಿನ್ನೆಲೆಯಲ್ಲಿ ಕವಿತೆ ಹಾಕಿದ್ದಕ್ಕೆ ಸಂಸದ ಇಮ್ರಾನ್ ಪ್ರತಾಪಗಢಿ ಮೇಲೆ ಗುಜರಾತ್ ಪೊಲೀಸರು ದಾಖಲಿಸಿದ ಪ್ರಕರಣವನ್ನು ರದ್ದು ಮಾಡಿ, ಮಾತಿನ ಪರಿಣಾಮವನ್ನು ಗಟ್ಟಿಮನಸ್ಸಿನವರ ಕಣ್ಣಿನಿಂದ ನೋಡಬೇಕು, ಸದಾ ಅಳುಕುವವರ ಕಣ್ಣಿನಿಂದಲ್ಲ ಎಂದಿತು. ಅದಕ್ಕೆ ಒಂದು ತಿಂಗಳ ಮುಂಚೆ ‘ಇಂಡಿಯಾಸ್ ಗಾಟ್ ಲೇಟೆಂಟ್’ ಕಾರ್ಯಕ್ರಮದ ಹೊಲಸು ಪ್ರಶ್ನೆಗಾಗಿ ಯೂಟ್ಯೂಬರ್ ರಣವೀರ್ ಅಲ್ಲಾಬಾದಿಯಾನನ್ನು ಅದೇ ನ್ಯಾಯಾಲಯದ ಇನ್ನೊಂದು ಪೀಠ ಮನಸಾರೆ ಉಗಿದು, ಕೆಲಕಾಲ ಕಾರ್ಯಕ್ರಮ ಹಾಕದಂತೆ ಬಾಯಿ ಕಟ್ಟಿಹಾಕಿತ್ತು. ಆಗಸ್ಟ್‌ನಲ್ಲಿ ಅಂಗವಿಕಲರನ್ನು ಗೇಲಿ ಮಾಡಿದ ಸಮಯ್ ರೈನಾ ಮೊದಲಾದವರಿಗೆ, ಅವರವರ ಕಾರ್ಯಕ್ರಮದಲ್ಲೇ ಕ್ಷಮೆ ಕೇಳಿ ಎಂದಿತು. ದುಡ್ಡು ಮಾಡಲು ಆಡುವ ಜೋಕು ವ್ಯಾಪಾರದ ಮಾತು ಎಂಬ ವಾದವೂ ಬಂತು. ಕೂಸಿನ ಪ್ರಾಣ ಉಳಿಸಲು ಕೋಟಿಗಟ್ಟಲೆಯ ಇಂಜೆಕ್ಷನ್‌ಗೆ ಹಣ ಒಟ್ಟುಮಾಡುವ ತಾಯಿತಂದೆಯರ ಮೇಲೆ ಜೋಕು ಮಾಡಿದವರ ಬಗ್ಗೆ ನನಗೂ ಮರುಕವಿಲ್ಲ. ಆದರೆ ದುಡ್ಡು ಸಿಗುವ ಮಾತಿಗೆ ರಕ್ಷಣೆ ಕಡಿಮೆ ಅಂದರೆ ಹಿರಣ್ಣಯ್ಯನವರೂ ಟಿಕೆಟ್ ಮಾರಿದವರೇ ತಾನೆ. ಸರ್ದಾರ್ಜಿ ಜೋಕುಗಳನ್ನು ನಿಷೇಧಿಸಿ ಎಂಬ ಅರ್ಜಿ 2017ರಲ್ಲಿ ವಿಚಾರಣೆಗೆ ಬಂದಾಗ, ಜನರ ನಡತೆ ತಿದ್ದಲು ಕೋರ್ಟು ನಿಯಮ ಬರೆಯಲಾಗದು ಎಂದು ಹೇಳಿದ್ದೂ ಇದೇ ನ್ಯಾಯಾಲಯ. ನಮ್ಮ ವಿಧಾನಮಂಡಲ ಕೂಡ 2025ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ದ್ವೇಷ ಭಾಷಣದ ಮಸೂದೆಯನ್ನು ಗದ್ದಲದ ನಡುವೆ ಅಂಗೀಕರಿಸಿದೆ. ವೈಮನಸ್ಯ, ಕೆಟ್ಟ ಭಾವನೆ ಎಂಬ ಪದಗಳನ್ನು ಮತ್ತೆ ಯಾವ ಸಬ್‌ಇನ್‌ಸ್ಪೆಕ್ಟರ್ ಅಳೆಯಬೇಕೋ.

ಇಷ್ಟಾದರೂ ಎಫ್‌ಐಆರ್‌ಗೆ ಒಂದು ನಂಬರಿದೆ, ದೂರು ಕೊಟ್ಟವರ ಹೆಸರಿದೆ, ಮುಂದೆ ಒಬ್ಬ ನ್ಯಾಯಾಧೀಶರಿದ್ದಾರೆ. ಮಹಾಪಾತ್ರರಿಗೆ ತಮ್ಮ ಮೇಲಿನ ಆರೋಪ ಏನೆಂಬುದಾದರೂ ಗೊತ್ತಿತ್ತು. ಈಗ ಅದಕ್ಕಿಂತ ಸುಲಭದ ದಾರಿ ಸಿಕ್ಕಿದೆ. 2024ರಲ್ಲಿ ಕೇಂದ್ರ ಗೃಹ ಸಚಿವಾಲಯ ಶುರು ಮಾಡಿದ ‘ಸಹಯೋಗ್’ ಪೋರ್ಟಲ್ ಮೂಲಕ ಸರ್ಕಾರಿ ಅಧಿಕಾರಿಗಳು ಐಟಿ ಕಾಯ್ದೆಯ 79(3)(ಬಿ) ಕಲಮಿನಡಿ ಕಂಪನಿಗಳಿಗೆ ‘ಇದನ್ನು ತೆಗೆಯಿರಿ’ ಎಂದು ನೇರ ನೋಟಿಸು ಕಳಿಸಬಹುದು. ಎಕ್ಸ್ ಕಂಪನಿ ಇದನ್ನು ಪ್ರಶ್ನಿಸಿ ಬಂದದ್ದು ನಮ್ಮ ಕರ್ನಾಟಕ ಹೈಕೋರ್ಟಿಗೆ. 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅರ್ಜಿಯನ್ನು ವಜಾ ಮಾಡಿದರು. ಸಂವಿಧಾನದ 19ನೇ ವಿಧಿ ಈ ದೇಶದ ಪ್ರಜೆಗಳಿಗೆ ಕೊಟ್ಟದ್ದು, ವಿದೇಶಿ ಕಂಪನಿ ಅದನ್ನು ಹಿಡಿದು ವಾದಿಸುವಂತಿಲ್ಲ ಎಂಬುದು ಒಂದು ಕಾರಣ. ಸರಿಯಾದ ಮಾತೇ. ಆದರೆ ಜೋಕು ಬರೆದವನು ಪ್ರಜೆ, ನೋಟಿಸು ಹೋಗುವುದು ಕಂಪನಿಗೆ. ಕಂಪನಿಗೆ ಹಕ್ಕಿಲ್ಲ, ಹಕ್ಕಿದ್ದವನಿಗೆ ನೋಟಿಸಿಲ್ಲ. ತನ್ನ ಜೋಕು ಯಾರಿಗೆ ನೋವು ಮಾಡಿತು, ಎಷ್ಟು ಮಾಡಿತು, ಅದನ್ನು ತೂಗಿ ನೋಡಿದ್ದು ಯಾವ ಕಚೇರಿಯ ಯಾವ ಅಧಿಕಾರಿ ಎಂದು ಕೇಳಿಕೊಂಡು ಅವನು ಎಲ್ಲಿಗೆ ಹೋಗಬೇಕು? ಎಷ್ಟೋ ಸಲ ಅವನಿಗೆ ವಿಷಯ ಗೊತ್ತಾಗುವುದೇ ಯಾರಾದರೂ ಗೆಳೆಯ ಫೋನ್ ಮಾಡಿ, ‘ಏನೋ, ನಿನ್ನ ಆ ವಿಡಿಯೊ ಓಪನ್ನೇ ಆಗ್ತಿಲ್ವಲ್ಲೋ’ ಎಂದಾಗ.